ಅರ್ಧ ಡೋಸ್

ಜನವರಿ 9

ಅಕ್ಕನಿಗೆ ನಮಸ್ಕಾರಗಳು.

ನಾನು ಯಾರೆಂದು ನೀವು ಊಹಿಸಿರುತ್ತೀರಿ. ಆದರೂ ನಾನೇ ಹೇಳಬೇಕು. ನೀವು ಬಿಟ್ಟುಹೋದ ಮನೆಗೆ ಕಳೆದ ವರ್ಷ ಮದುವೆಯಾಗಿ ಬಂದವಳು ನಾನು. ನಿಮ್ಮ ನಂಬರ್ ಇವರ ಫೋನಿನಲ್ಲಿ ಇಲ್ಲ. ಇದ್ದು ನಾನು ಫೋನ್ ಮಾಡಿದ್ದರೂ ನೀವು ಕಟ್ ಮಾಡುತ್ತಿದ್ದಿರಿ. ಕಾಗದವಾದರೆ ಹರಿದು ಹಾಕುವ ಮೊದಲು ಒಂದು ಸಾಲಾದರೂ ಓದುತ್ತೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವರು ಮೀನಂಗಡಿಯ ಯಜಮಾನರು. ನೀವು ಈಗ ಆಸ್ಪತ್ರೆ, ಹೋಟೆಲು, ಆಫೀಸುಗಳ ಮೀನಿನ ಟ್ಯಾಂಕುಗಳನ್ನು ನೋಡಿಕೊಳ್ಳುತ್ತೀರಂತೆ. "ಅವರ ಕೈಗುಣ ಬೇರೆ ಯಾರಿಗೂ ಇಲ್ಲಮ್ಮ, ಅವರನ್ನೇ ಕೇಳಿ" ಅಂದರು.

ವಿಷಯ ಇಷ್ಟು. ನಿಮ್ಮ ಮೀನುಗಳು ಸಾಯುತ್ತಿವೆ.

ಭಾನುವಾರ ಇವರ ಆಫೀಸಿನವರು ಊಟಕ್ಕೆ ಬರುವವರಿದ್ದರು. ಟ್ಯಾಂಕಿನ ಗಾಜಿಗೆಲ್ಲ ಪಾಚಿ ಹತ್ತಿತ್ತು. ಮನೆಗೆ ಬಂದವರು ಮೊದಲು ನೋಡುವುದೇ ಅದನ್ನು, ಮಂಕಾಗಿ ಕಾಣಬಾರದು ಎಂದು ಶನಿವಾರವಿಡೀ ಕೂತು ಕ್ಲೀನ್ ಮಾಡಿದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಅಷ್ಟೂ ನೀರು ಚೆಲ್ಲಿ, ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ನಲ್ಲಿ ನೀರು ತುಂಬಿಸಿದೆ. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯಿತು. ಬಂದವರೆಲ್ಲ ಹೊಗಳಿದರು. ಮಂಗಳವಾರದಿಂದ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಚಿಕ್ಕವು ನಾಲ್ಕು ಸತ್ತವು. ಕಿತ್ತಳೆ ಮೈಯ ಮೇಲೆ ಕಪ್ಪು ಪಟ್ಟೆ ಇರುವ ದೊಡ್ಡದು ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿರುತ್ತದೆ. ಹೆಣವೆಂದು ತೆಗೆಯಲು ಹೋದರೆ ಎದ್ದು ಓಡುತ್ತದೆ.

ಇವರು ಟ್ಯಾಂಕಿನ ಮುಂದೆ ಸುಮ್ಮನೆ ನಿಲ್ಲುತ್ತಾರೆ. ನನಗೆ ಅದನ್ನು ನೋಡಲಾಗುತ್ತಿಲ್ಲ.

ಉತ್ತರವನ್ನು ದಯವಿಟ್ಟು ನನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆಯಿರಿ. ಮನೆಗೆ ಬೇಡ.

ಇತಿ,
ನಿಮ್ಮ ತಂಗಿಯಂಥವಳು


ಜನವರಿ 12

ನಮಸ್ಕಾರ.

ನನ್ನನ್ನು ಅಕ್ಕ ಅನ್ನಬೇಡಿ. ನನಗೆ ಸ್ವಂತ ತಂಗಿ ಒಬ್ಬಳಿದ್ದಾಳೆ, ಅವಳ ಜೊತೆ ಏಗುವುದೇ ಸಾಕಾಗಿದೆ.

ಇನ್ನೊಂದು ಮಾತು. ಮನೆ ಬಿಟ್ಟದ್ದು ನಿಜ, ಮೀನು ಬಿಟ್ಟದ್ದಲ್ಲ. ಅದು ನಾಲ್ಕಡಿಯ ಟ್ಯಾಂಕು. ನೀರು, ಕಲ್ಲು ಎಲ್ಲ ಸೇರಿ ಮುನ್ನೂರು ಕೆಜಿ. ನನಗೆ ಸಿಕ್ಕಿದ್ದು ಹಳೆಯ ಕಟ್ಟಡದ ಮೂರನೇ ಮಹಡಿಯ ರೂಮು. ಕಟ್ಟಡದ ಮಾಲೀಕರು "ಮಂಚ ಇಟ್ರೇ ನೆಲ ನಡುಗತ್ತೆ, ನೀವು ಕೆರೆ ಬೇರೆ ತರ್ತೀರಾ?" ಅಂದರು. ಅದಕ್ಕೇ ಅವು ಅಲ್ಲಿವೆ.

ನೀವು ಕ್ಲೀನ್ ಮಾಡಿದ್ದು ಟ್ಯಾಂಕನ್ನಲ್ಲ, ಅದರ ಪ್ರಾಣವನ್ನು. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಅದನ್ನು ತಿಂದು ಹಾಕುವ ಸೂಕ್ಷ್ಮಜೀವಿಗಳು ಕಲ್ಲಿನ ಮೇಲಿನ ಆ ಲೋಳೆಯಲ್ಲಿ ಬದುಕುತ್ತವೆ. ನೀವು ಅವನ್ನು ಕುದಿಯುವ ನೀರಿನಲ್ಲಿ ಬೇಯಿಸಿದಿರಿ, ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು. ಈಗ ಮೀನುಗಳು ತಮ್ಮ ಮೂತ್ರದಲ್ಲಿ ತಾವೇ ಉರಿಯುತ್ತಿವೆ.

ಮೂರು ದಿನ ಊಟ ಹಾಕಬೇಡಿ. ಕರುಣೆ ಉಕ್ಕಿದರೂ ಹಾಕಬೇಡಿ. ದಿನಾ ಕಾಲು ಭಾಗ ನೀರು ಮಾತ್ರ ಬದಲಾಯಿಸಿ. ಹೊಸ ನೀರನ್ನು ಬಾಯಿ ತೆರೆದ ಬಕೆಟ್ಟುಗಳಲ್ಲಿ ಒಂದು ದಿನ ಇಟ್ಟಿರಬೇಕು. ಗಾಳಿ ಪಂಪು ನಿಲ್ಲಿಸಬೇಡಿ. ಯಜಮಾನರ ಅಂಗಡಿಯಲ್ಲಿ ಅಮೋನಿಯಾ ನೋಡುವ ಕಿಟ್ ಸಿಗುತ್ತದೆ. ಸಣ್ಣ ಗಾಜಿನ ಕೊಳವೆಯಲ್ಲಿ ಟ್ಯಾಂಕಿನ ನೀರು ಹಿಡಿದು ಹನಿ ಹಾಕಿ. ಹಳದಿ ಬಂದರೆ ಕ್ಷೇಮ, ಹಸಿರು ಗಾಢವಾದಷ್ಟೂ ಅಪಾಯ.

ಮಗ್ಗುಲಾಗಿ ಬೀಳುವವನು ಸಾಯುತ್ತಿಲ್ಲ. ಅವನ ನಿದ್ದೆಯೇ ಹಾಗೆ. ಅವನ ಹೆಸರು ನಾಟಕದವನು. ಹನ್ನೊಂದು ವರ್ಷದವನು. ನಾನು ಮದುವೆಯಾಗುವ ಮೊದಲೇ ನನ್ನ ಜೊತೆಗಿದ್ದವನು.

ಇತಿ,
ಮೀನುಗಳ ಒಡತಿ


ಜನವರಿ 27

ಒಡತಿಯವರಿಗೆ ನಮಸ್ಕಾರಗಳು.

(ಅಕ್ಕ ಅನ್ನಬೇಡಿ ಅಂದಿರಿ. ಬೇರೆ ಏನನ್ನಬೇಕೋ ತಿಳಿಯಲಿಲ್ಲ.)

ನೀವು ಬರೆದಂತೆಯೇ ಮಾಡಿದೆ. ಮೊದಲ ದಿನ ಕೊಳವೆಯಲ್ಲಿ ಬಂದದ್ದು ಕಡು ಹಸಿರು. ಇನ್ನೂ ಎರಡು ಸತ್ತವು. ಐದನೇ ದಿನ ತಿಳಿ ಹಸಿರಾಯಿತು. ನಿನ್ನೆ ಹೆಚ್ಚುಕಡಿಮೆ ಹಳದಿ. ನಿಮ್ಮ ನಾಟಕದವನು ಕಲ್ಲು ಕೆದಕುತ್ತಾ ಓಡಾಡುತ್ತಿದ್ದಾನೆ. ಏಂಜಲ್ ಮೀನುಗಳೆರಡೂ ಉಳಿದವು.

ಕಲ್ಲು ಬೇಯಿಸಿದ ಕಥೆ ಕೇಳಿ ಇವರು ನನ್ನ ಮೇಲೆ ಕೂಗಾಡಿದರು. "ತಲೆ ನೆಟ್ಟಗಿದ್ಯಾ ನಿಂಗೆ? ಅದೇನು ಬೇಳೆಯಾ ಬೇಯ್ಸೋಕೆ?" ಅಂದರು. ನಾನೂ ಬಿಡಲಿಲ್ಲ. "ಹೇಳಿಕೊಡೋರು ಯಾರಿದ್ರು? ನೀವು ಬರೀ ನೋಡ್ತಾ ನಿಲ್ತೀರಿ!" ಅಂದೆ. ಅರ್ಧ ಗಂಟೆ ಇಬ್ಬರೂ ಅರಚಾಡಿ, ಆಮೇಲೆ ಅವರೇ ಬಕೆಟ್ಟು ಎತ್ತಿಕೊಟ್ಟರು. ಈಗ ದಿನಾ ಸಂಜೆ ನೀರು ಹೊರುವ ಕೆಲಸ ಅವರದು, ಸುರಿಯುವ ಕೆಲಸ ನನ್ನದು. ಇದೆಲ್ಲ ನನಗೆ ಯಾರು ಹೇಳಿಕೊಟ್ಟರೆಂದು ಅವರು ಕೇಳಿಲ್ಲ. ನಾನೂ ಹೇಳಿಲ್ಲ.

ನಿಮ್ಮ ಉಪಕಾರ ಮರೆಯುವುದಿಲ್ಲ.

ಇತಿ,
ಹೊಲಿಗೆಯವಳು


ಫೆಬ್ರವರಿ 2

ನಮಸ್ಕಾರ.

ಇನ್ನು ಮೇಲೆ ನೀರಿನ ಸಮಾಚಾರ ಬರೆಯಿರಿ, ಗಂಡನ ಸಮಾಚಾರ ಬೇಡ.

ಒಂಬತ್ತು ವರ್ಷ ಆ ಬಕೆಟ್ಟುಗಳನ್ನು ನಾನೊಬ್ಬಳೇ ಎತ್ತಿದೆ. ಬೆನ್ನು ಹಿಡಿದುಕೊಂಡ ದಿನವೂ ಎತ್ತಿದೆ. ಆ ಮನುಷ್ಯನಿಗೆ ಬಕೆಟ್ಟಿಗೆ ಹಿಡಿ ಇದೆಯೆಂಬುದೇ ಗೊತ್ತಿಲ್ಲ ಅಂದುಕೊಂಡಿದ್ದೆ. ಇರಲಿ.

ಇನ್ನೊಂದು ತಿಂಗಳು ವಾರಕ್ಕೆರಡು ಸಲ ಕಾಲು ಭಾಗ ನೀರು ಬದಲಾಯಿಸಿ. ಹೊಸ ಮೀನು ತರಲೇಬೇಡಿ.

ಟ್ಯಾಂಕಿನ ಎದುರಿನ ಕಿಟಕಿಯ ಪರದೆ ಹಳೆಯದೇ ಇದೆಯೋ, ಬದಲಾಯಿಸಿದ್ದೀರೋ? ಯಾವ ಬಣ್ಣ? ನನ್ನ ಓದುವ ಕುರ್ಚಿ ಅಲ್ಲೇ ಇದೆಯೋ? ಬಿಸಿಲು ಹೆಚ್ಚು ಬಿದ್ದರೆ ಪಾಚಿ ಬರುತ್ತದೆ, ಅದಕ್ಕಾಗಿ ಕೇಳುತ್ತಿದ್ದೇನೆ. ಬೇರೆ ಯಾವುದಕ್ಕೂ ಅಲ್ಲ.

ಇತಿ,
ಒಡತಿ


ಫೆಬ್ರವರಿ 24

ಒಡತಿಯವರಿಗೆ ನಮಸ್ಕಾರಗಳು.

ಪರದೆ ಬದಲಾಗಿದೆ. ನಾನೇ ಹೊಲಿದದ್ದು, ಹಳದಿ. ಕುರ್ಚಿ ಇದೆ. ಅದನ್ನು ಟ್ಯಾಂಕಿನ ಪಕ್ಕಕ್ಕೆ ಎಳೆದಿದ್ದೇನೆ, ಗುಂಡಿ ಹೊಲಿಯುವಾಗ ಅಲ್ಲಿ ಕೂರುತ್ತೇನೆ. ಕುರ್ಚಿಗೂ ಪಾಚಿಗೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಆದರೂ ಕೇಳಿದ್ದಕ್ಕೆ ಹೇಳಿದೆ.

ಒಂದು ತಪ್ಪಾಗಿದೆ. ಬೈಯಬೇಡಿ. ಹತ್ತನೇ ತಾರೀಕು ನನ್ನ ಹುಟ್ಟಿದ ದಿನ. ಇವರು ಒಂದು ಜೊತೆ ಮುತ್ತಿನ ಬಣ್ಣದ ಮೀನು ತಂದರು. "ಇವು ನಿಂದು, ನಿಂದೇ" ಅಂದರು. ಬೇಡ ಅನ್ನಲು ಬಾಯಿ ಬರಲಿಲ್ಲ. ನೀವು ಬೇಡ ಅಂದದ್ದು ನೆನಪಿತ್ತು, ಆದರೂ ಟ್ಯಾಂಕಿಗೆ ಬಿಟ್ಟೆ. ಎಂಟು ದಿನಕ್ಕೆ ಅವುಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಈಗ ಎಲ್ಲಕ್ಕೂ ಹಬ್ಬಿದೆ. ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತವೆ. ನಾಟಕದವನಿಗೆ ಬಾಲದ ಹತ್ತಿರ ಒಂಬತ್ತು ಚುಕ್ಕೆ, ಎಣಿಸಿದ್ದೇನೆ.

ಅಂಗಡಿಯಲ್ಲಿ ಹಸಿರು ದ್ರಾವಣದ ಬಾಟಲಿ ಕೊಟ್ಟಿದ್ದಾರೆ. ಆದರೆ ನೀವು ಹೇಳದೆ ಒಂದು ಹನಿಯನ್ನೂ ಹಾಕುವುದಿಲ್ಲ. ನಾಟಕದವನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಅವನು ಈಗ ನನ್ನ ಕೈಯಿಂದಲೇ ತಿನ್ನುತ್ತಾನೆ. ಬೆರಳ ತುದಿಯಲ್ಲಿ ಹಿಡಿದರೆ ಬಂದು ಮೆತ್ತಗೆ ಕಿತ್ತುಕೊಳ್ಳುತ್ತಾನೆ. ನಿಮಗೆ ಇದು ಸಂತೋಷ ಕೊಡುತ್ತದೆಂದು ಬರೆದೆ.

ಇತಿ,
ಹೊಲಿಗೆಯವಳು


ಮಾರ್ಚ್ 1

ಪ್ರೀತಿಯ ತಂಗಿಗೆ,

ನಿಮ್ಮ ಕಾಗದ ಬಂತು. ಗಾಬರಿಯಾಗಬೇಡಿ. ಇದು ಬಿಳಿ ಚುಕ್ಕೆ ರೋಗ, ಎಲ್ಲರ ಟ್ಯಾಂಕಿಗೂ ಒಮ್ಮೆ ಬರುತ್ತದೆ. ಹುಟ್ಟಿದ ದಿನಕ್ಕೆ ತಂದ ಮೀನನ್ನು ಬೇಡ ಅನ್ನಲು ಯಾರಿಂದಲೂ ಆಗುವುದಿಲ್ಲ. ನಿಮ್ಮ ತಪ್ಪೇನೂ ಇಲ್ಲ.

ಹೀಟರನ್ನು ದಿನಕ್ಕೊಂದು ಡಿಗ್ರಿಯಂತೆ ಏರಿಸಿ ಮೂವತ್ತಕ್ಕೆ ತನ್ನಿ. ಫಿಲ್ಟರಿನಲ್ಲಿ ಇದ್ದಿಲಿನ ಪೊಟ್ಟಣವಿದ್ದರೆ ತೆಗೆದಿಡಿ, ಅದು ಔಷಧಿಯನ್ನು ಹೀರುತ್ತದೆ. ಆ ಹಸಿರು ಔಷಧಿಯನ್ನು ನಿಮ್ಮ ಟ್ಯಾಂಕಿನ ಅಳತೆಗೆ ಎರಡು ಮುಚ್ಚಳ, ದಿನ ಬಿಟ್ಟು ದಿನ ಹಾಕಿ. ಚುಕ್ಕೆ ಉದುರಿದ ಮೇಲೂ ಹತ್ತು ದಿನ ನಿಲ್ಲಿಸಬೇಡಿ. ತಳದಲ್ಲಿರುವ ರೋಗಾಣುವಿನ ಮರಿಗಳು ಈಚೆ ಬಂದಾಗಲೇ ಔಷಧಿ ಅವನ್ನು ಕೊಲ್ಲುವುದು.

ಹಳದಿ ಪರದೆ ಆ ಕೋಣೆಗೆ ಚೆನ್ನಾಗಿ ಒಪ್ಪಿರಬೇಕು.

ಇತಿ ನಿಮ್ಮ,
ಅಕ್ಕ


ಮಾರ್ಚ್ 7

ಇದನ್ನು ಕೈಗೆ ಸಿಕ್ಕ ತಕ್ಷಣ ಓದಿ.

ಔಷಧಿ ಎರಡು ಮುಚ್ಚಳವಲ್ಲ, ಒಂದು. ನಾಟಕದವನ ಜಾತಿಯ ಮೀನಿಗೆ ಮೈಮೇಲೆ ಹುರುಪೆ ಇಲ್ಲ ಅನ್ನುವಷ್ಟು ಕಡಿಮೆ. ಔಷಧಿ ನೇರವಾಗಿ ಚರ್ಮಕ್ಕೆ ಇಳಿಯುತ್ತದೆ. ಅಂಥ ಮೀನಿರುವ ಟ್ಯಾಂಕಿಗೆ ಯಾವಾಗಲೂ ಅರ್ಧ ಡೋಸ್. ಇಡೀ ಡೋಸ್ ಹಾಕಿದರೆ ಮಿಕ್ಕವು ಉಳಿಯುತ್ತವೆ, ಅವನು ಸಾಯುತ್ತಾನೆ.

ಮರೆತೆ ಎಂದು ಬರೆಯಬಹುದಿತ್ತು. ನಾಲ್ಕು ಸಲ ಹಾಗೆಯೇ ಬರೆದು ಹರಿದೆ. ಮರೆಯಲಿಲ್ಲ. ಈ ಕೆಲಸ ಕಲಿತ ಮೊದಲ ವಾರದಲ್ಲೇ ತಿಳಿದ ಮಾತಿದು. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.

ನಿಮ್ಮ ಕಾಗದ ಬಂದ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಟ್ಯಾಂಕಿಗೆ ಮೊಣಕೈವರೆಗೆ ಕೈ ಇಳಿಸಿ ಗಾಜು ಉಜ್ಜುತ್ತಿದ್ದೆ. ಕೈ ಒರೆಸಿಕೊಂಡು, ಕಾಯುವವರ ಬೆಂಚಿನ ಮೇಲೆ ಕೂತು ಓದಿದೆ. ಪರದೆ ತಡೆದುಕೊಂಡೆ. ಕುರ್ಚಿಯನ್ನೂ ತಡೆದುಕೊಂಡೆ. "ನನ್ನ ಕೈಯಿಂದಲೇ ತಿನ್ನುತ್ತಾನೆ" ಅಂದಿರಲ್ಲ, ಅಲ್ಲಿಗೆ ನನ್ನ ಕಣ್ಣು ನಿಂತುಹೋಯಿತು. ಹನ್ನೊಂದು ವರ್ಷದಲ್ಲಿ ಅವನು ಬಂದದ್ದು ನನ್ನೊಬ್ಬಳ ಕೈಗೆ. ಅವರು ಬೆರಳು ಅದ್ದಿದರೆ ಕಲ್ಲಿನ ಹಿಂದೆ ಅಡಗುತ್ತಿದ್ದ. ಮನೆ ಹೋಯಿತು, ಮನುಷ್ಯ ಹೋದ, ಹೋಗಲಿ ಅಂದುಕೊಂಡಿದ್ದೆ. ಅವನೊಬ್ಬ ಅಲ್ಲಿ ನನ್ನವನಾಗಿ ಉಳಿದಿದ್ದಾನೆ ಎಂಬ ಒಂದು ಸಮಾಧಾನವಿತ್ತು. ಅದನ್ನೂ ನೀವು ಬೆರಳ ತುದಿಯಲ್ಲಿ ತೆಗೆದುಕೊಂಡಿರಿ. ತೆಗೆದುಕೊಂಡು, ನಿಮಗೆ ಸಂತೋಷವಾಗಲಿ ಎಂದು ನನಗೇ ಬರೆದಿರಿ.

ಅವನು ಸತ್ತರೆ ಆ ಮನೆಯಲ್ಲಿ ಕೊಂದವಳು ನೀವಾಗುತ್ತೀರಿ, ಹನ್ನೊಂದು ವರ್ಷ ಬದುಕಿಸಿದವಳು ನಾನಾಗುತ್ತೇನೆ. ಪೆನ್ನು ಹಿಡಿದಾಗ ನನ್ನ ತಲೆಯಲ್ಲಿದ್ದದ್ದು ಇದೇ. ಒಂದು ಸಾಲು ಬಿಟ್ಟೆ, ಅಷ್ಟೇ. ಆರು ದಿನ ಸುಮ್ಮನೆಯೂ ಇದ್ದೆ. ಇವತ್ತು ಹೋಟೆಲಿನ ಟ್ಯಾಂಕಿನಲ್ಲಿ ಅದೇ ಜಾತಿಯ ಮೀನೊಂದು ಬಂದು ನನ್ನ ಬೆರಳು ಮೂಸಿತು. ಅಲ್ಲಿಂದ ನೇರ ಅಂಚೆ ಕಚೇರಿಗೆ ಬಂದಿದ್ದೇನೆ.

ಈ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ. ಆಗಿದ್ದರೆ ಈ ಕಾಗದವನ್ನು ಅವರಿಗೂ ತೋರಿಸಿ. ಕೊಂದವಳು ಯಾರೆಂದು ಅವರಿಗೆ ತಿಳಿಯಲಿ.

ಇತಿ,
ನಾನು


ಮಾರ್ಚ್ 11

ನಿಮ್ಮ ಮೀನು ಬದುಕಿದೆ.

ನಿಮ್ಮ ಎರಡನೇ ಕಾಗದ ಬರುವ ಮೊದಲೇ ನಾನು ಮೂರು ಸಲ ಔಷಧಿ ಹಾಕಿ ಆಗಿತ್ತು. ಪ್ರತಿ ಸಲವೂ ಒಂದೇ ಮುಚ್ಚಳ.

ಹೇಗೆ ಗೊತ್ತಾಯಿತು ಅಂತೀರಾ? ನಿಮ್ಮ ಒಂದನೇ ತಾರೀಕಿನ ಕಾಗದದಲ್ಲಿ ಒಂದೂ ಬೈಗುಳ ಇರಲಿಲ್ಲ. ಹೊಸ ಮೀನು ತರಲೇಬೇಡಿ ಅಂದವರು ನೀವು. ತಂದದ್ದನ್ನು ಬಿಟ್ಟೆ ಅಂದರೆ ನಿಮ್ಮ ತಪ್ಪೇನೂ ಇಲ್ಲ ಅಂತ ಬರೆದಿರಿ. ಮೇಲೆ ಪ್ರೀತಿಯ ತಂಗಿ, ಕೆಳಗೆ ಅಕ್ಕ. ಓದಿದ ಕೂಡಲೇ ಔಷಧಿ ಬಾಟಲಿಯನ್ನು ಅಂಗಡಿಗೆ ತಂದೆ. ಸೂಜಿಗೆ ದಾರ ಪೋಣಿಸಲು ಅಂಗಡಿಯಲ್ಲಿ ಭೂತಗನ್ನಡಿ ಇಟ್ಟುಕೊಂಡಿದ್ದೇನೆ. ಅದನ್ನು ಹಿಡಿದು ಬಾಟಲಿಯ ಚೀಟಿಯನ್ನು ಅಕ್ಷರ ಅಕ್ಷರ ಓದಿದೆ. ಇಂಥ ಜಾತಿಯ ಮೀನಿಗೆ ಅರ್ಧ ಡೋಸ್ ಎಂದು ಕೊನೆಯ ಸಾಲಿನಲ್ಲಿ ಇತ್ತು.

ನಿಮ್ಮ ಎರಡನೇ ಕಾಗದ ಬರುವವರೆಗೂ ನೀವು ಮರೆತಿರಬೇಕು, ಮರೆತಿರಬೇಕು ಎಂದೇ ಅಂದುಕೊಳ್ಳುತ್ತಿದ್ದೆ. ನೀವು ನಿಜ ಬರೆದು ಆ ದಾರಿಯನ್ನೂ ಮುಚ್ಚಿದಿರಿ.

ನಾನು ನಿಮ್ಮಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ನೀವು ಇಟ್ಟುಹೋದದ್ದನ್ನು ಒರೆಸಿ ಇಟ್ಟುಕೊಂಡಿದ್ದೆ, ಅಷ್ಟೇ. ಇನ್ನು ಕಾಗದ ಬರೆಯಬೇಡಿ. ಯಾರಿಗೂ ತೋರಿಸುವುದಿಲ್ಲ. ಅದು ನಿಮ್ಮ ಮೇಲಿನ ಕರುಣೆಯಿಂದಲ್ಲ. ಇಷ್ಟು ದಿನ ಯಾರ ಮಾತು ಕೇಳಿಕೊಂಡು ಕುಣಿಯುತ್ತಿದ್ದೆ ಎಂದು ಹೇಳಲು ನನಗೇ ನಾಚಿಕೆ.


ಜುಲೈ 19

ನಮಸ್ಕಾರ.

ಬರೆಯಬೇಡಿ ಅಂದಿದ್ದಿರಿ. ನಾಲ್ಕು ತಿಂಗಳು ಬರೆಯಲಿಲ್ಲ. ಈಗ ಬರೆಯುವುದಕ್ಕೆ ಕಾರಣವಿದೆ.

ನನಗೆ ನೆಲಮಹಡಿಯಲ್ಲಿ ಮನೆ ಸಿಕ್ಕಿದೆ. ಎರಡು ಕೋಣೆ, ಗಟ್ಟಿ ಸಿಮೆಂಟಿನ ನೆಲ, ಹಿಂದುಗಡೆ ನಲ್ಲಿ. ಗೋಡೆಯ ಪಕ್ಕ ನಾಲ್ಕಡಿಯ ಹೊಸ ಟ್ಯಾಂಕು ಇಟ್ಟಿದ್ದೇನೆ. ನಾಟಕದವನನ್ನು ನನಗೆ ಕೊಡಿ. ಅವನೊಬ್ಬನೇ ಸಾಕು. ಏಂಜಲ್ ಮೀನು, ಟ್ಯಾಂಕು, ಮಿಕ್ಕದ್ದೆಲ್ಲ ನಿಮ್ಮದು.

ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ, ಸಾಲುಗಳು ಒರಟಾಗಿ ಬರುತ್ತವೆ. ಒರಟಾಗಿದ್ದರೆ ನಿಜವೆಂದು ನೀವೇ ಕಂಡುಕೊಂಡಿದ್ದೀರಲ್ಲ.

ಇತಿ,
ಒಡತಿ


ಜುಲೈ 26

ಕೊಡುವುದಿಲ್ಲ.

ಕಾಗದವನ್ನು ಈ ಸಲ ಇವರಿಗೆ ತೋರಿಸಿದೆ. ಹಳೆಯವನ್ನೂ ತೋರಿಸಿದೆ. ಎಲ್ಲ ಓದಿ ಮಡಚಿಟ್ಟು, ಕಿಟಕಿಯ ಕಡೆ ನೋಡುತ್ತಾ, "ಅವಳದೇ ಮೀನು. ಕೊಟ್ಟುಬಿಡು" ಅಂದರು. ಅಷ್ಟೇ ಮಾತು. ಆದರೆ ಹೇಳಿದ ದನಿ ಬೇರೆ ಇತ್ತು. ಮೆಲ್ಲಗೆ, ಕೊನೆಯ ಅಕ್ಷರ ನುಂಗಿಕೊಂಡು. ನನ್ನ ಜೊತೆ ಅವರು ಯಾವತ್ತೂ ಹಾಗೆ ಮಾತಾಡಿಲ್ಲ. ನನ್ನ ಹತ್ತಿರ ಬರೀ ಕೂಗಾಟ, ತಮಾಷೆ, "ಎಲ್ಲಿಟ್ಟೆ ನನ್ನ ಕನ್ನಡಕ?" ನಿಮ್ಮ ವಿಷಯ ಬಂದರೆ ಮಾತ್ರ ಆ ದನಿ.

ನನಗೂ ಬರುತ್ತದೆ ಹೊಟ್ಟೆಕಿಚ್ಚು. ನೀವೊಬ್ಬರೇ ಗುತ್ತಿಗೆ ಹಿಡಿದಿಲ್ಲ. ಮನೆಯಲ್ಲಿ ಯಾವ ಡಬ್ಬಿ ತೆರೆದರೂ ನಿಮ್ಮ ಅಕ್ಷರದ ಚೀಟಿ. ಮೀನಿನ ಊಟ, ಬೆಳಿಗ್ಗೆ ಒಂದು ಚಿಟಿಕೆ. ಉಪ್ಪು, ಮೀನಿಗೆ ಮಾತ್ರ. ಒಂದನ್ನೂ ನಾನು ಕಿತ್ತು ಹಾಕಲಿಲ್ಲ. ಈಗ ಮೀನನ್ನೂ ಕೊಟ್ಟು, ಅವರು ಆ ದನಿಯಲ್ಲಿ ನೆನೆಸಿಕೊಳ್ಳುವುದಕ್ಕೆ ಖಾಲಿ ಜಾಗವನ್ನೂ ಮಾಡಿಕೊಡಬೇಕೇ?

ಬಿಳಿ ಚುಕ್ಕೆ ವಾಸಿಯಾಗುವವರೆಗೆ ಇಪ್ಪತ್ತೆರಡು ದಿನ ನಾನು ಅವನ ಕಾವಲು ಕೂತಿದ್ದೇನೆ. ನೀವು ಸಾಯಲಿ ಎಂದು ಬಿಟ್ಟ ಮೀನು ಅದು. ಯಾವ ಬಾಯಲ್ಲಿ ಕೇಳುತ್ತೀರಿ?

ಇತಿ,
ಆ ಮನೆಯವಳು


ಆಗಸ್ಟ್ 3

ಆ ಮನೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಮೊದಲು ಬಂದದ್ದು ಸಂತೋಷ. ಮುಚ್ಚಿಡುವುದೇಕೆ? ಆರು ತಿಂಗಳಿಂದ ನಿಮ್ಮ ಪರದೆ, ನಿಮ್ಮ ಬಕೆಟ್ಟು, ನಿಮ್ಮ ಹುಟ್ಟುಹಬ್ಬ ಎಂದು ಒಳಗೇ ಬೇಯುತ್ತಿದ್ದವಳು ನಾನು. ನನ್ನ ಮೇಲೂ ಒಬ್ಬರು ಹೊಟ್ಟೆ ಉರಿದುಕೊಳ್ಳಬಹುದು ಎಂದು ಗೊತ್ತಾದಾಗ ಅದನ್ನು ಎರಡು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಕ್ಲಿನಿಕ್ಕಿನಲ್ಲಿ ಒಮ್ಮೆ, ಬಸ್ಸಿನಲ್ಲಿ ಎರಡು ಸಲ ತೆಗೆದು ಓದಿದೆ.

ಸುಮ್ಮನಿದ್ದುಬಿಡಬಹುದಿತ್ತು. ನೀವು ಆ ದನಿಯನ್ನು ನೆನೆದು ಉರಿಯುತ್ತಲೇ ಇರುತ್ತಿದ್ದಿರಿ. ಒಂದು ಸಲ ಹೇಳಬೇಕಾದದ್ದನ್ನು ಹೇಳದೆ ಬಿಟ್ಟು ನನ್ನ ಗತಿ ಏನಾಯಿತೆಂದು ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ, ಕೇಳಿ.

ಕಿಟಕಿ ಕಡೆ ನೋಡಿಕೊಂಡು ಕೊನೆಯ ಅಕ್ಷರ ನುಂಗುವ ಆ ದನಿ ನನಗೆ ಚೆನ್ನಾಗಿ ಗೊತ್ತು. ಅದು ಪ್ರೀತಿಯ ದನಿಯಲ್ಲ. ಮಾತು ಇಲ್ಲಿಗೆ ಮುಗಿಯಲಿ ಎನ್ನುವ ದನಿ. ಒಂಬತ್ತು ವರ್ಷ ನಾನು ಕೇಳಿದ್ದು ಅದೊಂದನ್ನೇ. ಒಮ್ಮೆಯಾದರೂ ಕೂಗಾಡಲಿ ಎಂದು ಬೇಕೆಂದೇ ತಟ್ಟೆ ಒಡೆದೆ. ಚೂರು ಆರಿಸಿಕೊಟ್ಟು "ಕೈ ಜೋಪಾನ" ಅಂದರು, ಅದೇ ದನಿಯಲ್ಲಿ. ಹೋಗುತ್ತೇನೆ ಅಂದ ದಿನ "ಆಯ್ತು, ನಿಂಗೆ ಹೇಗೆ ಅನುಕೂಲವೋ ಹಾಗೆ" ಅಂದರು, ಅದೂ ಅದೇ ದನಿಯಲ್ಲಿ. ಅವರು ನಿಮ್ಮ ಮೇಲೆ ಅರ್ಧ ಗಂಟೆ ಅರಚಾಡಿದರು ಎಂದು ಜನವರಿಯಲ್ಲಿ ಬರೆದಿದ್ದಿರಿ. ಬಕೆಟ್ಟಿಗಿಂತ ಹೆಚ್ಚು ಉರಿದದ್ದು ನನಗೆ ಅದು. ನಾನು ಒಂಬತ್ತು ವರ್ಷ ಕಾದರೂ ಸಿಗದ ಜಗಳ ನಿಮಗೆ ಮೊದಲ ವರ್ಷವೇ ಸಿಕ್ಕಿತು.

ಮೀನು ನಿಮ್ಮದು. ಇಪ್ಪತ್ತೆರಡು ದಿನ ಕಾವಲು ಕೂತವರದು. ಇನ್ನು ಕೇಳುವುದಿಲ್ಲ. ಆ ಜಾತಿ ಇಪ್ಪತ್ತು ವರ್ಷ ಬದುಕುತ್ತದೆ, ಅಷ್ಟು ದಿನಕ್ಕೆ ಸಿದ್ಧರಾಗಿರಿ. ಡಬ್ಬಿಗಳ ಮೇಲಿನ ನನ್ನ ಚೀಟಿಗಳನ್ನು ಕಿತ್ತು ನಿಮ್ಮ ಅಕ್ಷರದಲ್ಲಿ ಬರೆದು ಅಂಟಿಸಿ.

ನನಗೆ ಒಂದೇ ಒಂದು ವಸ್ತು ಬೇಕು, ಇಷ್ಟವಿದ್ದರೆ ಕೊಡಿ. ನನ್ನ ಹೊಸ ಟ್ಯಾಂಕಿನಲ್ಲಿ ಬರೀ ನೀರಿದೆ. ಸೂಕ್ಷ್ಮಜೀವಿಗಳು ತಾವಾಗಿ ಬೆಳೆದು ಆ ನೀರು ಹದಕ್ಕೆ ಬರಲು ಐದಾರು ವಾರ ಬೇಕು. ಬಂದವರೆಲ್ಲ "ಮೀನೆಲ್ಲಿ?" ಅನ್ನುತ್ತಾರೆ. ನಿಮ್ಮ ಫಿಲ್ಟರಿನೊಳಗೆ ಕಂದು ಬಣ್ಣಕ್ಕೆ ತಿರುಗಿದ ಒಂದು ಸ್ಪಂಜು ಇರುತ್ತದೆ. ತೊಳೆಯದೆ, ಹಿಂಡದೆ, ಅದರ ಅರ್ಧವನ್ನು ಕತ್ತರಿಸಿ ಕೊಟ್ಟರೆ ನನ್ನ ನೀರು ಒಂದೇ ವಾರದಲ್ಲಿ ಎದ್ದು ನಿಲ್ಲುತ್ತದೆ. ಉಳಿದರ್ಧ ನಿಮಗೆ ಧಾರಾಳ ಸಾಕು. ನಿಮ್ಮ ಟ್ಯಾಂಕಿಗೆ ಏನೂ ಆಗುವುದಿಲ್ಲ. ನನ್ನ ಮಾತು ನಂಬಬೇಡಿ, ಅಂಗಡಿ ಯಜಮಾನರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಕತ್ತರಿಸಿ.

ಇತಿ,
ಟ್ಯಾಂಕು ತೊಳೆಯುವವಳು


ಆಗಸ್ಟ್ 10, ಭಾನುವಾರ ಬೆಳಿಗ್ಗೆ

ಅಕ್ಕ,

(ಈ ಸಲ ಬೇಡ ಅಂದರೂ ಕೇಳುವುದಿಲ್ಲ.)

ಯಜಮಾನರನ್ನು ಕೇಳಲಿಲ್ಲ. ನೀವು ಹೇಳಿದಲ್ಲಿಗೇ ಕತ್ತರಿ ಹಾಕಿದೆ. ಬಟ್ಟೆ ಕತ್ತರಿಸುವ ಕೈ, ಸರಿಯಾಗಿ ಅರ್ಧ ಬಂದಿದೆ. ಒಣಗಿದರೆ ಅದರಲ್ಲಿರುವುದೆಲ್ಲ ಸಾಯುತ್ತದಲ್ಲವೇ? ಅಂಚೆಯಲ್ಲಿ ಹಾಕಲು ಮನಸ್ಸು ಬರಲಿಲ್ಲ. ಟ್ಯಾಂಕಿನ ನೀರು ತುಂಬಿದ ಚೀಲದಲ್ಲಿ ಕಟ್ಟಿ ಇವರ ಕೈಯಲ್ಲೇ ಕಳಿಸುತ್ತಿದ್ದೇನೆ. "ನಾನ್ಯಾಕೆ ಹೋಗ್ಬೇಕು?" ಎಂದು ಬೆಳಿಗ್ಗೆಯಿಂದ ನನ್ನ ಮೇಲೆ ಕೂಗಾಡಿ, ಈಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಈ ಚೀಟಿಯೂ ಅವರ ಜೇಬಿನಲ್ಲೇ ಬರುತ್ತದೆ.

ಸ್ಪಂಜು ಇಟ್ಟುಕೊಳ್ಳಿ. ಇವರನ್ನು ವಾಪಸ್ ಕಳಿಸಿ.

ಇತಿ,
ನಿಮ್ಮ ತಂಗಿ